ಮನೀ ಸಾಲಿಯವರ ಜಾತ್ರಿ

ಅಮೆರಿಕದಾಗ ಮಕ್ಕಳಿಗೆ ಮನ್ಯಾಗ ಪಾಠ ಹೇಳೋರಿಗೆ ವರ್ಷಕ್ಕೊಮ್ಮೆ ಒಂದು ಜಾತ್ರಿ ಇರ್ತದ. ನಮ್ಮ ಕಡೆ ಜಾತ್ರ್ಯಾಗ ಬೆಂಡು ಬತ್ತಾಸ, ಬಳಿ, ತೊಟ್ಟಿಲು ಇದ್ದಂಗ ಇಲ್ಲೆ ಪುಸ್ತಕ, ನಕಾಶಿ, ಸೂಕ್ಷ್ಮದರ್ಶಕ, ಗಣಿತದ ಬಣ್ಣದ ತುಂಡು. ಮಂದಿ ಮಾತ್ರ ಅಷ್ಟೇ, ಗದ್ದಲಾನೂ ಅಷ್ಟೇ. ನಾವಿರೂ ವರ್ಜೀನಿಯಾ ರಾಜ್ಯದ್ದು ಪ್ರತಿ ಜೂನ್ ತಿಂಗಳಾಗ ರಿಚ್ಮಂಡಿನ್ಯಾಗ ಆಗ್ತದ. ನಡೆಸೋರು ಕ್ರೈಸ್ತ ಮನೆತನದವರ ಸಂಘ. ಹಿಂಗಾಗಿ ಪಾಠದ ಮಾತಿನ ಸಂಗಾಟ ಪ್ರಾರ್ಥನಿ, ಹಾಡು, ವೇದಪಾಠ ಎಲ್ಲಾ ಕೂಡೇ ಇರ್ತಾವ. ಈ ವರ್ಷ ನಾನೂ ಹೋಗಿ ಬಂದೆ. ಅಲ್ಲೆ ಏನು ಸಿಕ್ತು, ಏನು ಹಿಡಸ್ಲಿಲ್ಲ, ಮನೀಗೆ ಬಂದ ಮ್ಯಾಲ ಏನು ಉಳೀತು ಅನ್ನೂದನ್ನ ಇವತ್ತು ಬರೀತೀನಿ.

ನಮ್ಮ ಮನೀ ಸಾಲಿ ಸುರು ಆಗಿದ್ದು 2020ರಾಗ. ಕೊರೊನಾ ಬಂದು ಎಲ್ಲಾ ಸಾಲಿ ಮುಚ್ಚಿದಾಗ ದೊಡ್ಡಾಕಿ ಒಂಬತ್ತು ವರ್ಷದಾಕಿ, ಸಣ್ಣಾಂವಗ ಮೂರು ವರ್ಷ. ಕಂಪ್ಯೂಟರ್ ಮುಂದ ಕೂತು ಆಕಿ ಕಣ್ಣು ಕೆಂಪಗ ಮಾಡಿಕೊಳ್ಳೂದು ನೋಡಲಾರದ ನಾನೇ ಪುಸ್ತಕ ಹಿಡದು ಕೂತೆ. ಸಾಲಿ ತೆರೆದ ಮ್ಯಾಲೂ ಅದು ಹಂಗ ಮುಂದುವರೀತು. ನಮ್ಮವರು ಮುಂಜಾನೆ ಕಂಪ್ಯೂಟರ್ ಕೆಲಸಕ್ಕ ಕೂತ್ರ ನಾವು ಮೂರು ಮಂದಿ ಅಡಗಿಮನಿ ಟೇಬಲ್ಲಿಗೆ ಕೂಡ್ತೀವಿ. ರೊಟ್ಟಿ ಹಂಚು ಒಂದು ಕಡೆ, ಭೂಗೋಲ ಒಂದು ಕಡೆ.

ಇಲ್ಲೆ ಇದಕ್ಕ ಕಾಯ್ದೆ ಅದ. ಅಮೆರಿಕದ ಐವತ್ತೂ ರಾಜ್ಯದಾಗ ಮನೀ ಶಿಕ್ಷಣ ಕಾಯ್ದೆಬದ್ಧ. ಆದ್ರ ನಿಯಮ ಒಂದೊಂದು ರಾಜ್ಯಕ್ಕ ಒಂದೊಂದು ಥರಾ. ವರ್ಜೀನಿಯಾದ ಕಾಯ್ದೆ ಬಂದದ್ದು 1984ರಾಗ. ಪ್ರತಿ ವರ್ಷ ಆಗಸ್ಟ್ 15ರ ಒಳಗ, "ಈ ವರ್ಷ ನಮ್ಮ ಕೂಸಿಗೆ ನಾವ ಕಲಸ್ತೀವಿ, ಇಂಥಿಂಥಾ ವಿಷಯ ಹೇಳ್ತೀವಿ" ಅಂತ ನಮ್ಮ ಭಾಗದ ಸಾಲಿ ಕಚೇರಿಗೆ ಬರದು ಕಳಸಬೇಕು. ಮುಂದಿನ ವರ್ಷ ಆಗಸ್ಟ್ 1ರ ಒಳಗ, ಕೂಸು ಮುಂದ ಹೋಗೇದ ಅನ್ನೂದಕ್ಕ ಪರೀಕ್ಷೆ ಫಲಿತಾಂಶರೆ, ಅರ್ಹತಿ ಇದ್ದವರು ನೋಡಿ ಬರದ ಅಭಿಪ್ರಾಯರೆ ಕೊಡಬೇಕು. ಕಲಸೋರಿಗೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ ಇದ್ರ ಸಾಕು. ನಮ್ಮ ಊರಾಗ ಆಗಸ್ಟ್ 15 ಅಂದ್ರ ಝಂಡಾ, ಪ್ರಭಾತ್ ಫೇರಿ. ನನಗ ಇಲ್ಲೆ ಅದು ಎದಿ ಡವಡವ ಅನ್ನೂ ದಿನ.

ಈ ವರ್ಷ ಆ ಡವಡವ ಜನವರಿಯಿಂದನ ಸುರು ಆಗಿತ್ತು. ಸಣ್ಣಾಂವ ಈಗ ಎಂಟು ವರ್ಷದಾಂವ. ಮಾತು ಅಂದ್ರ ಹರಳು ಹುರಿದಂಗ, ಕೇಳಿದ ಕಥಿ ಒಂದೂ ಮರಿಯೂದಿಲ್ಲ, ಲೆಕ್ಕಾ ಬಾಯಿಲೇ ಮಾಡ್ತಾನ. ಆದ್ರ ಇಂಗ್ಲಿಷ್ ಪುಸ್ತಕ ತೆಗದ್ರ ಸಾಕು, ಹೊಟ್ಟಿನೋವು. ನಿನ್ನೆ ಓದಿದ ಶಬ್ದ ಇವತ್ತು ಹೊಸದು. ಬಲಕ್ಕ ಹೊಟ್ಟಿ ಇರೂ ಅಕ್ಷರ, ಎಡಕ್ಕ ಹೊಟ್ಟಿ ಇರೂ ಅಕ್ಷರ ಎರಡೂ ಅವಗ ಒಂದ. ದೊಡ್ಡಾಕಿ ಎಂಟನೇತ್ತ ಮುಗಿಸ್ತಿದ್ಲು. ಒಂದು ದಿನ ಭಾಂಡಿ ಒರಸ್ತಾ, "ಮಮ್ಮೀ, ನಾ ಹೈಸ್ಕೂಲಿಗೆ ಹೊರಗ ಹೋಗ್ಲೇನು?" ಅಂತ ಮೆಲ್ಲಕ ಕೇಳಿದ್ಲು. ನಾ ಒರಸಿದ ತಾಟ ಮತ್ತೊಮ್ಮೆ ಒರಸಿದೆ.

ಮ್ಯಾಲ ಧಾರವಾಡದಿಂದ ಅಪ್ಪನ ಮಾತು. ಅಪ್ಪ ಮೂವತ್ತೆರಡು ವರ್ಷ ಕನ್ನಡ ಮಾಸ್ತರ ಆಗಿ ನಿವೃತ್ತಿ ಆದವರು, ಅವರ ಅಪ್ಪಾನೂ ಮಿಶನ್ ಸಾಲಿ ಮಾಸ್ತರ. "ನಮ್ಮ ಸಭಾದವರು ಊರೂರಿಗೆ ಸಾಲಿ ಕಟ್ಟಿದ್ರವಾ. ನಿಮ್ಮ ಮುತ್ತಜ್ಜಿ ಅಕ್ಷರ ಕಲತದ್ದು ಆ ಸಾಲ್ಯಾಗ. ಅದ ದೇವರ ಹೆಸರು ಹೇಳಿ ನೀ ಸಾಲಿ ಬಿಡಸ್ತೀ ಅಂದ್ರ ಅದು ನನಗ ತಿಳಿವಲ್ದು."

ಈ ಮಾತಿಗೆ ತೂಕ ಅದ. ಬಾಸೆಲ್ ಮಿಶನ್ನಿನವರು 1834ರಾಗ ಮಂಗಳೂರಿಗೆ ಬಂದ್ರು, 1837ಕ್ಕ ಧಾರವಾಡ ಮುಟ್ಟಿದ್ರು. ಎಲ್ಲೆ ಸಭಾ ಕೂಡ್ತೋ ಅದರ ಮಗ್ಗಲಕ್ಕ ಸಾಲಿ ಬಂತು, ಹುಡುಗ್ಯಾರಿಗೂ ಸಾಲಿ ಬಂತು. ಹೊಟ್ಟಿಗೆ ಕಷ್ಟ ಇದ್ದ ಮನಿತನದಾಗೂ ಹೆಣ್ಣುಮಕ್ಕಳು ಸತ್ಯವೇದ ತಾವ ಓದೂ ಹಂಗ ಆದ್ರು. ಕಿಟೆಲ್ ಸಾಹೇಬ್ರ ಕನ್ನಡ ನಿಘಂಟು 1894ರಾಗ ಅಚ್ಚಾತು. ಅದರ ಒಂದು ಹಳೇ ಪ್ರತಿ ಅಪ್ಪನ ಕಪಾಟಿನ್ಯಾಗ ಇನ್ನೂ ಅದ. ಅಂಥಾ ಮನಿ ಮಗಳು ನಾನು. ನನಗ ಸಾಲಿ ಅಂದ್ರ ವೈರಿ ಅಲ್ಲ, ತವರುಮನಿ.

ಇಷ್ಟೆಲ್ಲಾ ತಲ್ಯಾಗ ಇಟಗೊಂಡು ಶುಕ್ರವಾರ ಮುಂಜಾನೆ ಐದಕ್ಕ ಮನಿ ಬಿಟ್ಟೆ. ಮಕ್ಕಳನ್ನ ಅವರಪ್ಪನ ಕಡೆ ಬಿಟ್ಟಿದ್ದೆ. ನಮ್ಮಲ್ಲಿಂದ ರಿಚ್ಮಂಡಿಗೆ ನೂರು ಮೈಲಿ ಮ್ಯಾಲ. 95ನೇ ಹೆದ್ದಾರಿ ಮ್ಯಾಲ ಫ್ರೆಡರಿಕ್ಸ್‌ಬರ್ಗ್ ದಾಟೂದು ಅಂದ್ರ ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ ಸಂಜೀಕ ದಾಟಿದಂಗ. ಡಬ್ಬ್ಯಾಗ ಚಪಾತಿ, ಶೇಂಗಾ ಚಟ್ನಿ, ಥರ್ಮಾಸಿನ್ಯಾಗ ಚಹಾ.

ಒಳಗ ಕಾಲಿಟ್ಟ ಕೂಡಲೇ ಕಣ್ಣಿಗೆ ಬಿದ್ದದ್ದು ಮಂದಿ. ಎದಿಗೆ ಕೂಸು ಕಟಗೊಂಡ ತಾಯಂದ್ರು, ಪುಸ್ತಕ ಹೇರಿದ ಗಾಲಿ ಚೀಲ ಎಳಕೋತ ಹೊಂಟ ಅಪ್ಪಂದ್ರು, ಆರು ಮಕ್ಕಳು ಸಾಲಾಗಿ ನಡದ ಮನಿತನ, ಮೊಮ್ಮಕ್ಕಳಿಗೆ ಪಾಠ ಹೇಳೂ ಅಜ್ಜಿ. ಕಪ್ಪು ಮಂದಿ, ಬಿಳಿ ಮಂದಿ, ಕೊರಿಯಾದವರು, ಸ್ಪ್ಯಾನಿಷ್ ಮಾತಾಡವರು. ನಮ್ಮ ದೇಶದವರು ನನ್ನ ಕಣ್ಣಿಗೆ ಬಿದ್ದದ್ದು ಕೇರಳದ ಒಂದ ಮನಿ. ಐದು ವರ್ಷ ಒಬ್ಬಾಕಿನ ಅಡಗಿಮನ್ಯಾಗ ದುಡದಾಕಿಗೆ, "ನನ್ನಂಥಾವರು ಇಷ್ಟು ಮಂದಿ ಅದಾರ" ಅಂತ ಕಣ್ಣಾರೆ ನೋಡೂದ ಒಂದು ಔಷಧ.

ಮೊದಲ ಗೋಷ್ಠಿ ದಣಿದ ತಾಯಂದ್ರಿಗೆ ಅಂತ ಇತ್ತು. ಮಾತಾಡಿದಾಕಿ ವಯಸ್ಸಾದ ಹೆಣ್ಣುಮಗಳು. ಮಕ್ಕಳನ್ನ ಹೆಂಗ ಶಿಸ್ತಿಗೆ ತರಬೇಕು ಅಂತ ಹೇಳ್ತಾಳೇನೋ ಅನಕೊಂಡಿದ್ದೆ. ಆಕಿ ಎಲೀಯ ಪ್ರವಾದಿ ಕಥಿ ತೆಗದ್ಲು. ಅಂವ ಸಾಕಾಗಿ, ಗಿಡದ ಕೆಳಗ ಬಿದ್ದು, ಇನ್ನ ಬದುಕು ಬ್ಯಾಡ ಅಂದಾಗ ದೇವರು ಅವಗ ಉಪದೇಶ ಮಾಡ್ಲಿಲ್ಲ. ದೇವದೂತ ಬಂದು ಎಬ್ಬಿಸಿ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತ ಮಲಗ್ಲಿಕ್ಕೆ ಬಿಟ್ಟ. ಎರಡು ಸಲ ಹಂಗಾತು. ಮಾತುಕತಿ ಎಲ್ಲಾ ಆಮ್ಯಾಲ. "ನಿಮ್ಮ ಮುಂದಿನ ವರ್ಷದ ನಿರ್ಧಾರ ಇವತ್ತು ಮಾಡಬ್ಯಾಡ್ರಿ. ಮೊದಲ ಉಣ್ರಿ, ಮಲಗ್ರಿ" ಅಂದ್ಲು. ಹಿಂದಿನ ಸಾಲಿನ್ಯಾಗ ಕೂತಾಕಿ ನಾನು ಸುಮ್ಮನ ಡಬ್ಬಿ ತೆಗದು ಚಪಾತಿ ತಿಂದೆ. ಮುಂಜಾನಿಂದ ಏನೂ ತಿಂದಿರಲಿಲ್ಲ.

ಎರಡನೇದು ಓದಲಾರದ ಮಕ್ಕಳ ಬಗ್ಗೆ. ನಾ ಬಂದದ್ದ ಇದಕ್ಕ. ಸ್ಯಾಮ್ಯುಯೆಲ್ ಆರ್ಟನ್ ಅನ್ನೂ ವೈದ್ಯರು, ಆನಾ ಗಿಲಿಂಗಮ್ ಅನ್ನೂ ಅಕ್ಕೋರು ಕೂಡಿ ಸುಮಾರು ತೊಂಬತ್ತು ವರ್ಷದ ಹಿಂದ ಒಂದು ಪದ್ಧತಿಗೆ ಅಡಿಪಾಯ ಹಾಕಿದ್ರು. ಅದರ ಸಾರ ಇಷ್ಟ: ಅಕ್ಷರ ಕಣ್ಣಿಲೇ ನೋಡಬೇಕು, ಬಾಯಿಲೇ ಅನಬೇಕು, ಕಿವಿಲೇ ಕೇಳಬೇಕು, ಕೈಲೇ ತಿದ್ದಬೇಕು; ನಾಲ್ಕೂ ಕೂಡೇ. ಒಂದು ಸಪ್ಪಳ ಗಟ್ಟಿ ಆಗೂ ತನಕ ಮುಂದಿನದು ಇಲ್ಲ. ಹಂಗ ಹೇಳ್ತಾ ಆ ಬಾಯಿ ಒಂದು ತಾಟಿನ್ಯಾಗ ಉಸುಕು ಹಾಕಿ, ಬೆರಳಿಲೇ ಅಕ್ಷರ ತಿದ್ದಿ ತೋರಿಸಿದ್ಲು. ಹೊಸಾದು ನೋಡಿದಂಗ ಎಲ್ಲಾರೂ ಫೋಟೋ ತಗೊಂಡ್ರು. ನನಗ ನಗೂನೂ ಬಂತು, ಕಣ್ಣಾಗ ನೀರೂ ಬಂತು. ನಮ್ಮ ಅಜ್ಜನ ಸಾಲ್ಯಾಗ ಪಾಟಿ ಕೈಗೆ ಬರೂಕಿಂತ ಮೊದಲ ಹುಡುಗೂರು ಉಸುಕಿನ್ಯಾಗ ಬೆರಳು ಇಟ್ಟು "ಅ" ಅಂತ ಒದರಕೋತ ತಿದ್ದತಿದ್ರು. ಅಪ್ಪ ಈ ಮಾತು ನೂರು ಸಲ ಹೇಳ್ಯಾರ.

ಗೋಷ್ಠಿ ಮುಗಿದ ಮ್ಯಾಲ ನಾ ಆಕಿನ್ನ ಹಿಡಕೊಂಡು ಸಣ್ಣಾಂವನ ಸುದ್ದಿ ಹೇಳಿದೆ. ಆಕಿ ಎಲ್ಲಾ ಕೇಳಿ, "ಪದ್ಧತಿ ಬದಲು ಮಾಡೂಕಿಂತ ಮೊದಲ ಪರೀಕ್ಷೆ ಮಾಡಸ್ರಿ" ಅಂದ್ಲು. ನನಗ ಗೊತ್ತಿರಲಾರದ್ದು ಒಂದು ಹೇಳಿದ್ಲು: ಕಲಿಯೂದ್ರಾಗ ತೊಡಕಿರಬಹುದು ಅನ್ನೂ ಮಕ್ಕಳನ್ನ ಹುಡುಕಿ ಪರೀಕ್ಷೆ ಮಾಡೂದು ಇಲ್ಲಿಯ ಸರ್ಕಾರಿ ಸಾಲಿ ಕಚೇರಿ ಜವಾಬ್ದಾರಿ, ಅದೂ ಪುಕ್ಕಟೆ, ಮನ್ಯಾಗ ಕಲಿಯೂ ಮಕ್ಕಳೂ ಅದರಾಗ ಬರ್ತಾರ. ಅದಕ್ಕ ಒಂದು ಪತ್ರ ಬರದು ಕೇಳಿದ್ರ ಆತು. ಮನೀ ಸಾಲಿಯವರ ಜಾತ್ರ್ಯಾಗ ನನಗ ಸಿಕ್ಕ ಭಾಳ ದೊಡ್ಡ ಸಲಹೆ, ಸಾಲಿ ಬಾಗಿಲು ಬಡೀರಿ ಅನ್ನೂದು!

ಮಧ್ಯಾಹ್ನ ಊಟದ ಹೊತ್ತಿಗೆ ಮೂರು ಮಂದಿ ತಾಯಂದ್ರು ನಾ ಕೂತ ಟೇಬಲ್ಲಿಗೆ ಬಂದು ಕೂತ್ರು. ಶೇಂಗಾ ಚಟ್ನಿ ಹಚ್ಚಿಕೊಟ್ಟೆ. ಒಬ್ಬಾಕಿ ಕೆಮ್ಮಿದ್ಲು, ಇಬ್ಬರು ಮತ್ತ ಕೇಳಿದ್ರು. ಅವರೊಳಗ ಒಬ್ಬಾಕಿಗೆ ಐದು ಮಕ್ಕಳು: ಮೂರು ಮನ್ಯಾಗ, ಒಂದು ಸರ್ಕಾರಿ ಸಾಲ್ಯಾಗ, ಒಂದು ಕಾಲೇಜಿನ್ಯಾಗ. ಅದು ಹೆಂಗ ಅಂತ ಕೇಳಿದೆ. "ನಾವು ಒಂದು ವರ್ಷಕ್ಕ ಒಂದು ಕೂಸಿನ ಬಗ್ಗೆ ಅಷ್ಟ ನಿರ್ಧಾರ ಮಾಡ್ತೀವಿ. ಇಡೀ ಮನಿಗೆ, ಇಡೀ ಜನ್ಮಕ್ಕ ಅಂತ ಮಾಡೂದಿಲ್ಲ" ಅಂದ್ಲು. ಗೋಷ್ಠಿಗಿಂತ ಚೊಲೋ ಮಾತು ಊಟದ ಟೇಬಲ್ಲಿಗೆ ಸಿಗ್ತಾವ ನೋಡ್ರಿ.

ಆಮ್ಯಾಲ ಪದ್ಧತಿಗಳ ಮಾತು. ಮನೀ ಶಿಕ್ಷಣದವರೊಳಗೂ ಒಂದೊಂದು ಮತ, ಒಂದೊಂದು ಪಂಥ ಅವ. ಒಂದು ಕಡೆ ಶಾರ್ಲಟ್ ಮೇಸನ್ ಅವರನ್ನ ನಂಬೋರು. ಆಕಿ ಇಂಗ್ಲೆಂಡಿನಾಕಿ, "ಹೋಮ್ ಎಜುಕೇಶನ್" ಅನ್ನೂ ಪುಸ್ತಕ 1886ರಾಗ ಬರದಾಕಿ. ಸಣ್ಣ ಮಕ್ಕಳಿಗೆ ಪಾಠ ಹದಿನೈದು ಇಪ್ಪತ್ತು ನಿಮಿಷ ಸಾಕು. ಜೀವಂತಿಕಿ ಇರೂ ಪುಸ್ತಕ ಒಮ್ಮೆ ಓದಿ ಹೇಳ್ರಿ, ಕೂಸು ತನ್ನ ಮಾತಿನ್ಯಾಗ ಅದನ್ನ ತಿರುಗಿ ಹೇಳ್ಲಿ. ಹೊರಗ ಕರಕೊಂಡು ಹೋಗ್ರಿ, ಕಂಡ ಹೂವು ಹಕ್ಕಿ ವಹಿಯೊಳಗ ಬರೀಲಿ. ತಿರುಗಿ ಹೇಳಸೂದು ಅಂದ್ರ ನಮ್ಮ ಅಜ್ಜಿ ಮಾಡ್ತಿದ್ದದ್ದ. ರವಿವಾರ ಚರ್ಚಿನಿಂದ ಬಂದ ಮ್ಯಾಲ, "ಅಯ್ಯನವರು ಇವತ್ತು ಏನು ಹೇಳಿದ್ರು, ಹೇಳು ನೋಡೂಣು" ಅನ್ನದ ತಾಟಿಗೆ ಬಡಸ್ತಿರಲಿಲ್ಲ.

ಇನ್ನೊಂದು ಕಡೆ ಹಳೇ ಯುರೋಪಿನ ಮೂರು ಮೆಟ್ಟಿಲ ಪದ್ಧತಿ ಹಿಡದವರು: ಮೊದಲ ಬಾಯಿಪಾಠ, ಆಮ್ಯಾಲ ವಾದ, ಕಡೀಕ ಚಂದಾಗಿ ಹೇಳೂದು. ಡೊರೊತಿ ಸೇಯರ್ಸ್ ಅನ್ನೂ ಲೇಖಕಿ 1947ರಾಗ ಆಕ್ಸ್‌ಫರ್ಡಿನ್ಯಾಗ ಮಾಡಿದ ಒಂದು ಭಾಷಣ ಇದಕ್ಕ ಹೊಸಾ ಜೀವ ಕೊಡ್ತು. ಮೊದಲ ಮೆಟ್ಟಿಲಿಗೆ ಆಕಿ ಗಿಳಿ ಹೆಸರ ಇಟ್ಟಾಳ. ಸಣ್ಣ ಮಕ್ಕಳಿಗೆ ಗಿಳಿಹಂಗ ಒದರೂದ್ರಾಗ ಖುಷಿ ಇರ್ತದ, ಆ ವಯಸ್ಸಿನ್ಯಾಗ ಎಷ್ಟು ತುಂಬಿದ್ರೂ ಹಿಡಸ್ತದ ಅಂತ ವಾದ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು ಅಂತ ಕಂದೀಲಿನ ಮುಂದ ಕೂತು ಮಗ್ಗಿ ಒದರಿದ ಮಂದಿಗೆ ಇದನ್ನ ಯಾರೂ ಹೇಳಿಕೊಡೂದು ಬ್ಯಾಡ.

ಎಲ್ಲಾ ಹಿಡಸ್ತು ಅಂತ ಹೇಳಿದ್ರ ಸುಳ್ಳಾಗ್ತದ. ಒಂದು ಗೋಷ್ಠ್ಯಾಗ ಭಾಷಣ ಮಾಡಿದಾಂವ, ಹೊರಗಿನ ಸಾಲಿಗೆ ಕಳಸೋರು ಮಕ್ಕಳನ್ನ ಲೋಕಕ್ಕ ಒಪ್ಪಿಸಿಕೊಟ್ಟಂಗ ಅಂತ ಮಾತಾಡಿದ. ಧರ್ಮೋಪದೇಶಕಾಂಡದ ಆರನೇ ಅಧ್ಯಾಯ ಹಿಡದು ಹೇಳಿದ. ಮನ್ಯಾಗ ಕೂತಾಗ, ದಾರಿ ನಡೆವಾಗ, ಮಲಗೂವಾಗ, ಏಳೂವಾಗ ಮಕ್ಕಳಿಗೆ ದೇವರ ಮಾತು ಕಲಸ್ರಿ ಅನ್ನೂ ಆ ಅಧ್ಯಾಯ ನನಗೂ ಪ್ರೀತಿದ್ದ. ನಮ್ಮಪ್ಪ ಅದನ್ನ ಅಕ್ಷರಾ ಅಕ್ಷರಾ ಪಾಲಿಸಿದ್ರು, ನನ್ನ ಸಾಲಿಗೂ ಕಳಿಸಿದ್ರು. ಮುಂಜಾನೆ ಪ್ರಾರ್ಥನಿ ಮುಗಿಸಿ, ಎರಡು ಜಡಿ ಹಾಕಿ, ಸಾಲಿ ಬಾಗಿಲ ತನಕ ಬಿಟ್ಟು ಬರ್ತಿದ್ರು. ಅರ್ಧಕ್ಕ ಎದ್ದು ಹೊರಗ ಬಂದೆ. ಹೊರಗ ಬಂದಾಗ ನನ್ನ ಮನಸ್ಸು ಹಗುರ ಆಗಿತ್ತು; ನಾ ಯಾಕ ಮನ್ಯಾಗ ಕಲಸ್ತೀನಿ ಅನ್ನೂದು ಅವತ್ತು ನನಗ ಸ್ಪಷ್ಟ ಆತು. ಸಾಲಿ ಕೆಟ್ಟದ್ದು ಅಂತ ಅಲ್ಲ. ನನ್ನ ಮಕ್ಕಳ ಸಂಗಾಟ ಹಗಲು ಹೊತ್ತು ಇರೂ ಭಾಗ್ಯ ನನಗ ಸಿಕ್ಕದ, ಅದಕ್ಕ.

ಪುಸ್ತಕದ ಸಂತ್ಯಾಗ ತಲಿ ತಿರಗ್ತದ. ಗಣಿತ ಒಂದಕ್ಕ ಎಷ್ಟು ಥರಾ! ಸಿಂಗಾಪುರದ ಪದ್ಧತಿ, ಬಣ್ಣದ ತುಂಡಿನ ಪದ್ಧತಿ, ಮಣಿಚೌಕಟ್ಟಿನ ಪದ್ಧತಿ. ಎಲ್ಲಾ ಅಂಗಡಿಯವರೂ ಇದಿಲ್ಲಂದ್ರ ನಿಮ್ಮ ಕೂಸು ಹಿಂದ ಬೀಳ್ತದ ಅನ್ನೂ ಹಂಗ ಮಾತಾಡ್ತಾರ. ನಾನು ಮನಿ ಬಿಡೂಮುಂದ ಚೀಟಿ ಬರಕೊಂಡಿದ್ದೆ, ಎಂಬತ್ತು ಡಾಲರ್ ನಗದು ಅಷ್ಟ ತಗೊಂಡಿದ್ದೆ, ಕಾರ್ಡು ಕಾರಿನ್ಯಾಗ. ಮೊದಲ ದಿನ ಬರೇ ನೋಡಿದೆ. ರಾತ್ರಿ ಗೆಳತಿ ಮನ್ಯಾಗ ಮಲಗಿ, ಎರಡನೇ ದಿನ ಹೋಗಿ ಅಕ್ಷರದ ಕಾಂತಬಿಲ್ಲೆ ಒಂದು ಡಬ್ಬಿ, ಓದು ಕಲಸೂ ಪುಸ್ತಕದ ಮೊದಲ ಭಾಗ, ಹಕ್ಕಿಗಳ ಚಿತ್ರಪುಸ್ತಕ ತಗೊಂಡೆ. ಹನ್ನೊಂದು ಡಾಲರ್ ಉಳೀತು. ಉಸುಕಂತೂ ಪುಕ್ಕಟೆ.

ಶನಿವಾರ ಮನಿ ಕಡೆ ಹೊಂಟಾಗ, ಮನ್ಯಾಗ ಕಲತು ಹನ್ನೆರಡನೇತ್ತ ಮುಗಿಸಿದ ಮಕ್ಕಳು ಕಪ್ಪು ನಿಲುವಂಗಿ ಹಾಕಿಕೊಂಡು ಪದವಿ ಸಮಾರಂಭಕ್ಕ ಹೊಂಟಿದ್ರು. ಒಬ್ಬ ಹುಡುಗನ ಟೊಪಗಿ ಅವರವ್ವ ನೆಟ್ಟಗ ಮಾಡ್ತಿದ್ಲು, ಅಂವ ಬ್ಯಾಡ ಬ್ಯಾಡ ಅಂತ ತಲಿ ಹಿಂದ ಎಳೀತಿದ್ದ. ಆಕಿ ಕೈ ಬಿಡ್ಲಿಲ್ಲ.

ಈಗ ಡಿಸೆಂಬರ್. ಹೋಗಿ ಬಂದು ಆರು ತಿಂಗಳಾತು, ಹಿಂಗಾಗಿ ಏನು ಉಳೀತು ಅಂತ ಹೇಳಬಹುದು.

ದೊಡ್ಡಾಕಿ ಆಗಸ್ಟಿನಿಂದ ಹೈಸ್ಕೂಲಿಗೆ ಹೊಂಟಾಳ. ಒಂದು ವರ್ಷಕ್ಕ ಅಂತ ಮಾತು. ಜೂನಿನ್ಯಾಗ ಮತ್ತ ಕೂತು ಮಾತಾಡೂದು. ಏಳಕ್ಕ ಬಸ್ಸು. ಮೊದಲ ವಾರ ಆಕಿ ಹೋದ ಮ್ಯಾಲ ಟೇಬಲ್ಲಿನ ಆಕಿ ಕುರ್ಚಿ ನೋಡಲಾರದ ನಾ ಅದನ್ನ ಮೂಲಿಗೆ ಸರಿಸಿದೆ. ಸಂಜೀಕ ಬಂದಾಕಿ ಅದನ್ನ ಮತ್ತ ಎಳಕೊಂಡು ಕೂತು, ಇಡೀ ದಿನದ ಸುದ್ದಿ ಹೇಳಿದ್ಲು. ಶಾರ್ಲಟ್ ಮೇಸನ್ ಬಾಯಿ ಹೇಳಿದ ತಿರುಗಿ ಹೇಳೂದು ಅಂದ್ರ ಇದ ಅಲ್ಲೇನ್ರಿ?

ಸಣ್ಣಾಂವನ ಸಲುವಾಗಿ ಆಗಸ್ಟ್ 15ರ ಒಳಗ ಪತ್ರ ಕಳಿಸಿದೆ, ಅಂವ ಮನ್ಯಾಗ ಅದಾನ. ಜೂನಿನ್ಯಾಗ ಬರದ ಇನ್ನೊಂದು ಪತ್ರಕ್ಕ ಕಚೇರಿಯವರು ಕರದ್ರು, ಪರೀಕ್ಷೆ ಮಾಡಿದ್ರು. ಓದೂದ್ರಾಗ ತೊಡಕು ಅದ, ಬುದ್ಧಿಗೆ ಏನೂ ಕಡಿಮಿ ಇಲ್ಲ ಅಂತ ಬರದು ಕೊಟ್ರು. ಆ ಹಾಳಿ ಹಿಡಕೊಂಡು ಕಾರಿನ್ಯಾಗ ಕೂತು ನಾನೂ ನಮ್ಮವರೂ ಭಾಳ ಹೊತ್ತು ಮಾತಾಡ್ಲಿಲ್ಲ. ತೊಡಕಿಗೆ ಹೆಸರು ಸಿಕ್ಕರ ಅರ್ಧ ಹೆದರಿಕಿ ಹೋಗ್ತದ. ಈಗ ದಿನಾ ಇಪ್ಪತ್ತು ನಿಮಿಷ ಉಸುಕಿನ ತಾಟು, ಬಿಲ್ಲೆ, ಬಾಯಿಲೇ ಸಪ್ಪಳ. ಇಪ್ಪತ್ತು ಅಂದ್ರ ಇಪ್ಪತ್ತ. ಗಡಿಯಾರ ಕೂಗಿದ ಕೂಡಲೇ ಹಿತ್ತಲಕ್ಕ. ಹೊಟ್ಟಿನೋವು ಬರೂದು ನಿಂತದ. ಓದು ನಿಧಾನ ಅದ, ಆದ್ರ ನಿನ್ನೆ ಓದಿದ್ದು ಇವತ್ತು ಉಳೀತದ.

ಒಂದು ಹೊಸಾದು ನಾವ ಕೂಡಿಸಿದ್ದು. ಕನ್ನಡದಾಗ ಬರದಂಗ ಓದೂದು, ಒಂದು ಅಕ್ಷರಕ್ಕ ಒಂದ ಸಪ್ಪಳ. ಈ ಹುಡುಗಗ ಇದು ಸಲೀಸು ಆದೀತೇನೋ ಅನಿಸ್ತು. ಅಪ್ಪಗ ಫೋನ್ ಮಾಡಿ ಉಸುಕಿನ ತಾಟಿನ ಕಥಿ ಹೇಳಿದೆ. ಅತ್ತಲಾಗ ಸ್ವಲ್ಪ ಹೊತ್ತು ಸಪ್ಪಳ ಇಲ್ಲ. "ನಾಳಿ ವಿಡಿಯೋ ಹಚ್ಚವಾ. ಅವನ ಮುಂದ ತಾಟು ಇಡು, ನನ್ನ ಮುಂದನೂ ಒಂದು ಇಟಗೋತೀನಿ" ಅಂದ್ರು. ಈಗ ವಾರಕ್ಕ ಮೂರು ದಿನ, ಇಲ್ಲೆ ಮುಂಜಾನೆ ಎಂಟೂವರಿಗೆ, ಅಲ್ಲೆ ಸಂಜೆ ಏಳಕ್ಕ, ಎರಡು ತಾಟು ಉಸುಕು, ಇಬ್ಬರ ಬೆರಳು. ಇಲ್ಲೀತನಕ "ಳ" ಮುಟ್ಟ್ಯಾರ. ಒತ್ತಕ್ಷರ ಹೊಸಾ ವರ್ಷಕ್ಕ ಅಂತ ಮಾಸ್ತರ ಆಜ್ಞಾ. ಹುಡುಗ ತಪ್ಪಿದ್ರ ಅಪ್ಪ ಬೈಯೂದಿಲ್ಲ, "ಮತ್ತೊಮ್ಮೆ ತಿದ್ದು ದೊರಿ" ಅಂತಾರ. ನನಗ ಸಣ್ಣಾಕಿದ್ದಾಗ ಹಂಗೇನೂ ಅಂದಿರಲಿಲ್ಲ ಬಿಡ್ರಿ!

ನಿಮ್ಮೊಳಗ ಯಾರರೆ ಹಿಂಥಾ ಸಮ್ಮೇಳನಕ್ಕ ಹೋಗೋರಿದ್ರ ನಾಲ್ಕು ಮಾತು. ಬುತ್ತಿ ಕಟಗೊಂಡು ಹೋಗ್ರಿ, ಹೆಚ್ಚಿಗಿ ಕಟಗೊಳ್ರಿ. ಹಂಚಿ ಉಂಡಲ್ಲೆ ಗೆಳೆತನ ಹುಟ್ತದ. ಮೆತ್ತನ ಚಪ್ಪಲಿ ಹಾಕ್ಕೊಳ್ರಿ. ಕೇಳೂದು ಒಂದ ಪ್ರಶ್ನಿ ತಗೊಂಡು ಹೋಗ್ರಿ, ಹತ್ತು ಬ್ಯಾಡ. ಒಂದು ಗೋಷ್ಠಿ ನಿಮ್ಮ ಮನಸ್ಸಿಗೆ ಬರಲಿಲ್ಲಂದ್ರ ಎದ್ದು ಹೊರಗ ಬರ್ರಿ, ಯಾರೂ ಏನೂ ಅನ್ನೂದಿಲ್ಲ. ಮತ್ತ ಯಾರರೆ ಪಾಠ ಹೇಳೂ ಹೊಸಾ ಪದ್ಧತಿ ಅಂತ ಏನರೆ ತೋರಿಸಿದ್ರ, ಮನಿಗೆ ಬಂದ ಮ್ಯಾಲ ಊರಾಗಿನ ಹಿರ್ಯಾರಿಗೆ ಒಂದು ಫೋನ್ ಮಾಡಿ ಕೇಳ್ರಿ. ಅವರಿಗೆ ಅದು ಗೊತ್ತಿದ್ದರೂ ಇರಬಹುದು.